ಚಿಕ್ಕ ಸ್ವರಗಳಲ್ಲಿ ಎರಡು ಜಾತಿ: ಸಂಗೀತ ಲಿಪಿಯ ತಂತ್ರಾಂಶದಲ್ಲಿ ಗ್ರೇಸ್ ನೋಟ್ ಮತ್ತು ಕ್ಯೂ ನೋಟ್

ಐದು ಗೆರೆಗಳ ಪಾಶ್ಚಾತ್ಯ ಸಂಗೀತ ಲಿಪಿಯ ಯಾವ ಪುಟವನ್ನು ತೆರೆದರೂ, ಸಾಲಾಗಿ ನಿಂತ ಸ್ವರಗಳ ನಡುವೆ ಅಲ್ಲಲ್ಲಿ ಮರಿ ಸ್ವರಗಳು ಕಾಣಸಿಗುತ್ತವೆ. ಕೆಲವು ದೊಡ್ಡ ಸ್ವರವೊಂದರ ಎಡಮಗ್ಗುಲಿಗೆ ಅಂಟಿಕೊಂಡು, ಕಡ್ಡಿಯ ಮೇಲೊಂದು ಓರೆಗೆರೆ ಎಳೆಸಿಕೊಂಡು ನಿಂತಿರುತ್ತವೆ. ಇನ್ನು ಕೆಲವು ಇಡೀ ಬಾರ್ (ಎರಡು ಲಂಬ ಗೆರೆಗಳ ನಡುವಿನ ತಾಳದ ಒಂದು ಖಂಡ) ತುಂಬ ಹರಡಿಕೊಂಡು, ಮೇಲೆ ಬೇರೊಂದು ವಾದ್ಯದ ಹೆಸರನ್ನು ಹೊತ್ತಿರುತ್ತವೆ. ಗಾತ್ರವಷ್ಟನ್ನೇ ನೋಡಿದರೆ ಎರಡೂ ಒಂದೇ. ಕಂಪ್ಯೂಟರಿನಲ್ಲಿ ಸಂಗೀತ ಬರೆಯಲು ಹೊರಟವರು ಎಡವುವುದು ಇಲ್ಲಿಯೇ: ತಂತ್ರಾಂಶದ ಲೆಕ್ಕದಲ್ಲಿ ಮೊದಲನೆಯವು ಗ್ರೇಸ್ ನೋಟುಗಳು, ಎರಡನೆಯವು ಕ್ಯೂ ನೋಟುಗಳು; ಇವೆರಡೂ ಬೇರೆ ಬೇರೆ ಜಾತಿಯವು, ಮತ್ತು ಅವುಗಳನ್ನು ಬೇರ್ಪಡಿಸುವುದು ಗಾತ್ರವಲ್ಲ, ಕಾಲ.

ಇದನ್ನು ಪರೀಕ್ಷಿಸಿ ನೋಡಲು ಎರಡು ನಿಮಿಷ ಸಾಕು. ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ನಾಲ್ಕು ಕ್ರೋಚೆಟ್‌ಗಳ, ಅಂದರೆ ಒಂದೊಂದು ಎಣಿಕೆಯ ನಾಲ್ಕು ಸ್ವರಗಳ, ಒಂದು ಬಾರ್ ಬರೆಯಿರಿ. ಮೂರನೆಯ ಸ್ವರವನ್ನು ಆರಿಸಿ ಕೀಲಿಮಣೆಯಲ್ಲಿ ಓರೆಗೆರೆಯ ಕೀಲಿಯನ್ನು ಒತ್ತಿದರೆ, ಅದರ ಎಡಕ್ಕೆ ಅದೇ ಶ್ರುತಿಯ ಚಿಕ್ಕ ಸ್ವರವೊಂದು ಬಂದು ಕೂರುತ್ತದೆ. ಬಾಣದ ಕೀಲಿಗಳಿಂದ ಅದನ್ನು ಮೇಲಕ್ಕೋ ಕೆಳಕ್ಕೋ ಸರಿಸಬಹುದು. ಬಾರಿನಲ್ಲಿ ಈಗ ಐದು ಸ್ವರಗಳಿದ್ದರೂ ಮೊತ್ತ ಮಾತ್ರ ನಾಲ್ಕು ಎಣಿಕೆಯೇ, ತಂತ್ರಾಂಶ ಯಾವ ತಕರಾರನ್ನೂ ತೆಗೆಯುವುದಿಲ್ಲ. ಈಗ ಎರಡನೆಯ ಕ್ರೋಚೆಟ್ಟನ್ನು ಅಳಿಸಿದರೆ ಆ ಜಾಗದಲ್ಲಿ ಒಂದು ವಿರಾಮ ಚಿಹ್ನೆ ಉಳಿಯುತ್ತದೆ, ಏಕೆಂದರೆ ಸ್ವರ ಹೋದರೂ ಅದು ತುಂಬಿದ್ದ ಕಾಲ ಹೋಗಲಾರದು. ಚಿಕ್ಕ ಸ್ವರವನ್ನು ಅಳಿಸಿದರೆ ಏನೂ ಉಳಿಯುವುದಿಲ್ಲ. ಮೂರನೆಯ ಕ್ರೋಚೆಟ್ಟನ್ನೇ ಅಳಿಸಿದಿರೋ, ಅದರ ಜೊತೆಗೆ ಚಿಕ್ಕ ಸ್ವರವೂ ಮಾಯವಾಗುತ್ತದೆ.

ಗ್ರೇಸ್ ನೋಟ್ ಎಂಬುದರ ಸ್ವರೂಪ ಇಷ್ಟರಲ್ಲೇ ಗೊತ್ತಾಗುತ್ತದೆ. ಅದಕ್ಕೆ ಬಾರಿನಲ್ಲಿ ಸ್ವಂತದ ಕಾಲವಿಲ್ಲ, ಸ್ವಂತದ ಸ್ಥಾನವೂ ಇಲ್ಲ. ಅದು ಒಂದು ಮುಖ್ಯ ಸ್ವರಕ್ಕೆ ಸೇರಿದ ಬಾಲಂಗೋಚಿ. ಅದಕ್ಕೆ ಕ್ವೇವರಿನ (ಅರ್ಧ ಕ್ರೋಚೆಟ್) ಬಾಲವಿದ್ದರೂ ಸೆಮಿಕ್ವೇವರಿನ (ಕಾಲು ಕ್ರೋಚೆಟ್) ಎರಡು ಬಾಲಗಳಿದ್ದರೂ ಅದು ಬರವಣಿಗೆಯ ಶೈಲಿಯೇ ಹೊರತು ಅಳತೆಯಲ್ಲ. ಒಂಟಿ ಗ್ರೇಸ್ ನೋಟನ್ನು ಕ್ವೇವರಾಗಿ, ಎರಡು ಅಥವಾ ಹೆಚ್ಚು ಒಟ್ಟಿಗೆ ಬಂದಾಗ ಬೀಮ್ ಎಂಬ ದಪ್ಪ ಗೆರೆಯಿಂದ ಒಟ್ಟಿಗೆ ಕಟ್ಟಿದ ಸೆಮಿಕ್ವೇವರುಗಳಾಗಿ ಬರೆಯುವುದು ರೂಢಿ. ಕಡ್ಡಿ ಸಾಮಾನ್ಯವಾಗಿ ಮೇಲ್ಮುಖವಾಗಿರುತ್ತದೆ, ಮುಖ್ಯ ಸ್ವರಕ್ಕೆ ಜೋಡಿಸುವ ಸ್ಲರ್ ಎಂಬ ಒಂದು ಸಣ್ಣ ಕಮಾನು ಗೆರೆ ಇರುತ್ತದೆ.

ಧಾರವಾಡದ ಕಡೆಯ ಹಿಂದೂಸ್ತಾನಿ ಪಾಠಗಳಲ್ಲಿ ಬೆಳೆದವರಿಗೆ ಈ ಕಲ್ಪನೆ ಹೊಸದೇನಲ್ಲ. ಭಾತಖಂಡೆ ಪದ್ಧತಿಯ ಸ್ವರಲಿಪಿಯಲ್ಲಿ ಕಣ್ ಸ್ವರವನ್ನು ಮುಖ್ಯ ಸ್ವರದ ಎಡಭಾಗದಲ್ಲಿ, ತುಸು ಮೇಲೆ, ಚಿಕ್ಕ ಅಕ್ಷರದಲ್ಲಿ ಬರೆಯುತ್ತಾರೆ. ಅದೂ ಮಾತ್ರೆಯ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ನಮ್ಮ ಗಮಕಗಳನ್ನೆಲ್ಲ ಗ್ರೇಸ್ ನೋಟುಗಳಾಗಿ ಬರೆದುಬಿಡಬಹುದು ಎಂದು ಯಾರೂ ಭಾವಿಸಬಾರದು. ಕಂಪಿತದಂತಹ ಗಮಕ ಸ್ವರಗಳ ನಡುವಿನ ನಿರಂತರ ಚಲನೆ, ಗ್ರೇಸ್ ನೋಟಾದರೋ ಒಂದು ಬಿಡಿ ಸ್ವರ. ಕರ್ನಾಟಕ ಸಂಗೀತದ ಕೀರ್ತನೆಯನ್ನು ಐದು ಗೆರೆಗೆ ಇಳಿಸುವವರು ಪುಟವನ್ನು ಮರಿ ಸ್ವರಗಳಿಂದ ತುಂಬಿಸಿದಾಗ ಓದುವ ಪಿಟೀಲು ವಾದಕರಿಗೆ ಸಿಗುವುದು ಗಮಕವಲ್ಲ, ಮುಗ್ಗರಿಸುವ ನಡೆ.

ಇನ್ನು ಓರೆಗೆರೆಯ ವಿಚಾರ. ಮ್ಯೂಸ್‌ಸ್ಕೋರಿನ ಗ್ರೇಸ್ ನೋಟುಗಳ ಪ್ಯಾಲೆಟ್ಟಿನಲ್ಲಿ ಮೊದಲಿಗೆ ಕಾಣುವ ಎರಡು ಚಿಹ್ನೆಗಳು ಅಚಿಯಕಾಟೂರಾ ಮತ್ತು ಅಪೊಜಟೂರಾ. ಎರಡೂ ಇಟಾಲಿಯನ್ ಹೆಸರುಗಳು: ಮೊದಲನೆಯದು ಜಜ್ಜುವುದನ್ನು ಸೂಚಿಸುವ ಕ್ರಿಯಾಪದದಿಂದ, ಎರಡನೆಯದು ಒರಗುವುದನ್ನು ಸೂಚಿಸುವ ಕ್ರಿಯಾಪದದಿಂದ ಬಂದಿದೆ. ಓರೆಗೆರೆಯಿರುವ ಅಚಿಯಕಾಟೂರಾ ಮುಖ್ಯ ಸ್ವರಕ್ಕೆ ತಾಗಿಯೂ ತಾಗದಂತೆ ಹಾದುಹೋಗುತ್ತದೆ. ಓರೆಗೆರೆಯಿಲ್ಲದ ಅಪೊಜಟೂರಾ ತಾಳದ ಪೆಟ್ಟಿನ ಮೇಲೆಯೇ ಬಂದು, ಮುಖ್ಯ ಸ್ವರದ ಕಾಲದಲ್ಲಿ ಒಂದು ಪಾಲನ್ನು ಕಿತ್ತುಕೊಳ್ಳುತ್ತದೆ. ಎಷ್ಟು ಪಾಲು ಎಂಬುದಕ್ಕೆ 1753ರಲ್ಲಿ ಪ್ರಕಟವಾದ ಕೀಲಿವಾದ್ಯದ ತನ್ನ ಪಾಠಗ್ರಂಥದಲ್ಲಿ ಸಿ. ಪಿ. ಇ. ಬಾಖ್ ಕೊಟ್ಟ ನಿಯಮ ಇಂದಿಗೂ ಕಲಿಸಲ್ಪಡುತ್ತದೆ: ಮುಖ್ಯ ಸ್ವರ ಎರಡಾಗಿ ಭಾಗವಾಗುವಂಥದ್ದಾದರೆ ಅರ್ಧ, ಚುಕ್ಕೆಯಿದ್ದು ಮೂರಾಗಿ ಭಾಗವಾಗುವಂಥದ್ದಾದರೆ ಮೂರರಲ್ಲಿ ಎರಡು. ಪುಟದಲ್ಲಿ ಕಾಲವಿಲ್ಲದ ಸ್ವರವೇ ಕಿವಿಯಲ್ಲಿ ಮುಖ್ಯ ಸ್ವರಕ್ಕಿಂತ ಉದ್ದವಾಗಿ ಕೇಳಿಸುವ ವಿಚಿತ್ರ ಹೀಗೆ ಸಂಭವಿಸುತ್ತದೆ.

ಆದರೆ ತಂತ್ರಾಂಶದ ಎರಡು ಗುಂಡಿಗಳು ಸೂಚಿಸುವಷ್ಟು ಖಚಿತವಾದ ವಿಂಗಡಣೆ ಹದಿನೆಂಟನೆಯ ಶತಮಾನದಲ್ಲಿ ಇರಲಿಲ್ಲ. ಮೊಟ್ಸಾರ್ಟ್ 1778ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ಎ ಮೈನರ್ ಪಿಯಾನೊ ಸೊನಾಟಾವನ್ನು, ಅಂದರೆ ಕೋಕೆಲ್ ಪಟ್ಟಿಯ 310ನೆಯ ಕೃತಿಯನ್ನು ತೆಗೆದುಕೊಳ್ಳಿ. ಅದು ಆರಂಭವಾಗುವುದೇ ಒಂದು ಗ್ರೇಸ್ ನೋಟಿನಿಂದ: ಬಲಗೈಯಲ್ಲಿ ಡಿ ಶಾರ್ಪ್ ಎಂಬ ಚಿಕ್ಕ ಸ್ವರ, ಅದರ ಬೆನ್ನಿಗೇ ಮುಖ್ಯ ಸ್ವರ ಇ, ಕೆಳಗೆ ಎಡಗೈಯಲ್ಲಿ ಎ ಮೈನರ್ ಸ್ವರಮೇಳದ ಹೊಡೆತ. ಆ ಡಿ ಶಾರ್ಪ್ ಪೆಟ್ಟಿಗೆ ಮುಂಚೆ ಚಿಟಕಿ ಹೊಡೆದಂತೆ ಬರಬೇಕೋ, ಪೆಟ್ಟಿನ ಮೇಲೆ ಬಂದು ಎಡಗೈಗೆ ಕರ್ಕಶವಾಗಿ ಒರಗಬೇಕೋ ಎಂಬುದರಲ್ಲಿ ಪಿಯಾನೊ ವಾದಕರಲ್ಲಿ ಒಮ್ಮತವಿಲ್ಲ. ಓರೆಗೆರೆಯ ಸಾಕ್ಷ್ಯವೂ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಆ ಕಾಲದ ಆಸ್ಟ್ರಿಯಾದ ಬರವಣಿಗೆಯಲ್ಲಿ ಓರೆಗೆರೆಯ ಒಂಟಿ ಬಾಲವೆಂದರೆ ಸೆಮಿಕ್ವೇವರನ್ನು ಬೇಗ ಬರೆಯುವ ಒಂದು ವಿಧಾನವಾಗಿತ್ತಷ್ಟೆ. ಜಜ್ಜಿದ ಸ್ವರ ಎಂಬ ಅರ್ಥ ಅದಕ್ಕೆ ಗಟ್ಟಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಹಳೆಯ ಕೃತಿಯೊಂದನ್ನು ನಕಲು ಮಾಡುವವರು ಗುಂಡಿ ಒತ್ತಿದೊಡನೆ, ಗೊತ್ತಿಲ್ಲದೆಯೇ ಈ ವಾದದಲ್ಲಿ ಒಂದು ಪಕ್ಷ ವಹಿಸಿದಂತಾಗುತ್ತದೆ. ಕಂಪ್ಯೂಟರ್ ನುಡಿಸಿ ತೋರಿಸುವುದನ್ನು ಕೇಳಿ ಇದೇ ಸರಿ ಎಂದು ತೀರ್ಮಾನಿಸುವುದಂತೂ ಬೇಡ. ಅದು ತನಗೆ ಕೊಟ್ಟ ಚಿಹ್ನೆಗೆ ತನ್ನೊಳಗಿನ ಸೂತ್ರವನ್ನು ಅನ್ವಯಿಸುತ್ತದೆ, ಅಷ್ಟೆ.

ಇದೇ ಸೊನಾಟಾದ ಮೊದಲ ಬಾರನ್ನು ಲಿಲಿಪಾಂಡ್‌ನಲ್ಲಿ ಬರೆಯಲು ಹೋದವರಿಗೆ ಮತ್ತೊಂದು ಪಾಠ ಕಾದಿರುತ್ತದೆ. 1996ರಲ್ಲಿ ನೆದರ್ಲೆಂಡ್ಸಿನ ಹಾನ್-ವೆನ್ ನಿನ್‌ಹೌಸ್ ಮತ್ತು ಯಾನ್ ನ್ಯೂವೆನ್‌ಹೌಜನ್ ಆರಂಭಿಸಿದ ಈ ತಂತ್ರಾಂಶದಲ್ಲಿ ಗುಂಡಿಗಳಿಲ್ಲ. ಸಂಗೀತವನ್ನು ಪಠ್ಯವಾಗಿ ಟೈಪ್ ಮಾಡಬೇಕು, ತಂತ್ರಾಂಶ ಅದನ್ನು ಅಚ್ಚಿನ ಪುಟವಾಗಿಸುತ್ತದೆ. ಗ್ರೇಸ್ ಎಂಬ ಆದೇಶದ ನಂತರ ಬರೆದ ಸ್ವರಗಳೆಲ್ಲ ಚಿಕ್ಕವಾಗುತ್ತವೆ. ಅಚಿಯಕಾಟೂರಾ, ಅಪೊಜಟೂರಾ ಎಂದು ಬರೆದರೆ ಸ್ಲರ್ ಕೂಡ ತಾನಾಗಿ ಬರುತ್ತದೆ. ಕಾಲವಿಲ್ಲದ ಸ್ವರವನ್ನು ಕಾಲಕ್ರಮದಲ್ಲಿ ಎಲ್ಲಿ ಇಡುವುದು ಎಂಬ ಸಮಸ್ಯೆಗೆ ಲಿಲಿಪಾಂಡ್ ಕಂಡುಕೊಂಡ ಪರಿಹಾರ ಸೊಗಸಾಗಿದೆ. ಅದರ ಲೆಕ್ಕದಲ್ಲಿ ಪ್ರತಿ ಕ್ಷಣಕ್ಕೂ ಎರಡು ಭಾಗಗಳು: ಒಂದು ಮುಖ್ಯ ಕಾಲ, ಇನ್ನೊಂದು ಗ್ರೇಸ್ ಕಾಲ. ಮುಖ್ಯ ಸ್ವರ ಸೊನ್ನೆಯಲ್ಲಿದ್ದರೆ, ಅದಕ್ಕೆ ಮೊದಲು ಬರುವ ಗ್ರೇಸ್ ನೋಟಿನ ಮುಖ್ಯ ಕಾಲವೂ ಸೊನ್ನೆಯೇ, ಆದರೆ ಅದರ ಗ್ರೇಸ್ ಕಾಲ ಋಣಸಂಖ್ಯೆ. ಹಾಗಾಗಿ ಅದು ತಾಳದ ಗಡಿಯಾರವನ್ನು ಮುಟ್ಟದೆಯೇ ಮುಖ್ಯ ಸ್ವರಕ್ಕಿಂತ ಮೊದಲು ಬರುತ್ತದೆ.

ತೊಡಕು ಹುಟ್ಟುವುದು ಬಲಗೈಯ ಸ್ಟಾಫಿನಲ್ಲಿ (ಐದು ಗೆರೆಗಳ ಸಾಲಿನಲ್ಲಿ) ಗ್ರೇಸ್ ನೋಟ್ ಇದ್ದು, ಎಡಗೈಯ ಸ್ಟಾಫಿನಲ್ಲಿ ಇಲ್ಲದಿರುವಾಗ. ಬಲಗೈ ಋಣ ಕ್ಷಣದಲ್ಲಿ ಆರಂಭವಾಗುತ್ತದೆ, ಎಡಗೈ ಸೊನ್ನೆಯಲ್ಲಿ; ಬಾರ್ ಗೆರೆ, ಕೀ ಸಿಗ್ನೇಚರ್ ಮುಂತಾದ ಚಿಹ್ನೆಗಳು ಎರಡು ಸ್ಟಾಫುಗಳಲ್ಲಿ ಬೇರೆ ಬೇರೆ ಕ್ಷಣಕ್ಕೆ ಬಿದ್ದು ಒಂದರ ಕೆಳಗೊಂದು ಸಾಲಾಗದೆ ಹೋಗಬಹುದು. ಎಡಗೈಯಲ್ಲೂ ಅಷ್ಟೇ ಉದ್ದದ, ಕಣ್ಣಿಗೆ ಕಾಣದ ಗ್ರೇಸ್ ಖಾಲಿಜಾಗವೊಂದನ್ನು ಬರೆದರೆ ಸಾಕು, ಎರಡೂ ಒಂದೇ ಕ್ಷಣದಲ್ಲಿ ಹೊರಟು ಪುಟ ನೆಟ್ಟಗಾಗುತ್ತದೆ. ಅಲ್ಲಿ ಯಾವ ಸ್ವರವೂ ಇಲ್ಲದಿರುವಾಗ ಏನನ್ನೋ ಬರೆಯಬೇಕೆಂಬುದು ಮೊದಲ ಸಲ ಅಸಂಬದ್ಧವೆನಿಸುತ್ತದೆ. ಎರಡು ಕಾಲಗಳ ಲೆಕ್ಕ ತಿಳಿದ ಮೇಲೆ ಅದು ಅನಿವಾರ್ಯವೆಂದು ತೋರುತ್ತದೆ.

ಗ್ರೇಸ್ ನೋಟ್ ಯಾವಾಗಲೂ ಮುಂದಿನ ಸ್ವರಕ್ಕೇ ಸೇರಬೇಕೆಂದಿಲ್ಲ. ಬಾರಿನ ಕೊನೆಯ ಮಿನಿಮ್ (ಎರಡು ಎಣಿಕೆಯ ಸ್ವರ) ಮೇಲೆ ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳನ್ನು ಬೇಗಬೇಗ ಅದಲುಬದಲಾಗಿ ನುಡಿಸುವುದು) ಇದ್ದು, ಆ ಕಂಪನವನ್ನು ಎರಡು ಮರಿ ಸ್ವರಗಳಿಂದ ಮುಗಿಸುವುದು ಬಹಳ ಸಾಮಾನ್ಯ. ಈ ಎರಡು ಸ್ವರಗಳು ಟ್ರಿಲ್ಲಿಗೆ ಸೇರಿದವು, ಬಾರ್ ಗೆರೆಯ ಎಡಕ್ಕೆ ನಿಲ್ಲಬೇಕಾದವು. ಹೊಸಬರು ಇವನ್ನು ಮುಂದಿನ ಬಾರಿನ ಮೊದಲ ಸ್ವರಕ್ಕೆ ಗ್ರೇಸ್ ನೋಟಾಗಿ ಸೇರಿಸಿಬಿಡುತ್ತಾರೆ; ಆಗ ಅವು ಬಾರ್ ಗೆರೆಯನ್ನು ದಾಟಿ ಬಲಕ್ಕೆ ಹೋಗಿ ಕೂರುತ್ತವೆ, ಓದುವವರು ಹೊಸ ಬಾರಿನ ಮೊದಲ ಪೆಟ್ಟಿನಲ್ಲಿ ತಡವರಿಸುತ್ತಾರೆ. ಮ್ಯೂಸ್‌ಸ್ಕೋರಿನ ಪ್ಯಾಲೆಟ್ಟಿನಲ್ಲಿ ಮುಖ್ಯ ಸ್ವರದ ನಂತರ ಬರುವ ಗ್ರೇಸ್ ನೋಟುಗಳಿಗೆ ಪ್ರತ್ಯೇಕ ಚಿಹ್ನೆಗಳಿವೆ, ಟ್ರಿಲ್ ಇರುವ ಮಿನಿಮ್ ಆರಿಸಿಕೊಂಡು ಅವನ್ನು ಬಳಸಬೇಕು. ಲಿಲಿಪಾಂಡ್‌ನಲ್ಲಿ ಆಫ್ಟರ್‌ಗ್ರೇಸ್ ಎಂಬ ಆದೇಶವಿದೆ. ಅದು ಮರಿ ಸ್ವರಗಳನ್ನು ಮುಖ್ಯ ಸ್ವರದ ಕಾಲದ ನಾಲ್ಕರಲ್ಲಿ ಮೂರು ಭಾಗ ಕಳೆದ ಜಾಗದಲ್ಲಿ ಇರಿಸುತ್ತದೆ, ಬೇಕಿದ್ದರೆ ಆ ಪ್ರಮಾಣವನ್ನು ಬದಲಿಸಬಹುದು. ಡೊರಿಕೊ ಎಂಬ ಇನ್ನೊಂದು ತಂತ್ರಾಂಶದಲ್ಲಿ ಗ್ರೇಸ್ ನೋಟನ್ನು ಬಾರ್ ಗೆರೆಯ ಮುಂಚೆ ತೋರಿಸುವ ಗುಣವೊಂದನ್ನು ಆನ್ ಮಾಡಿದರಾಯಿತು.

ಇನ್ನು ಎರಡನೆಯ ಜಾತಿ. ಆರ್ಕೆಸ್ಟ್ರಾದಲ್ಲಿ ನಲವತ್ತು ಬಾರ್ ಸುಮ್ಮನೆ ಕೂತ ಕ್ಲ್ಯಾರಿನೆಟ್ ವಾದಕರು ಎಣಿಕೆ ತಪ್ಪದೆ ಒಳಬರಬೇಕು. ಅವರ ನೆರವಿಗಾಗಿ, ಅವರು ನುಡಿಸಬೇಕಾದ ಜಾಗಕ್ಕೆ ಎರಡು ಮೂರು ಬಾರ್ ಮುಂಚೆ ಕೊಳಲಿನ ಸಾಲನ್ನು ಚಿಕ್ಕ ಸ್ವರಗಳಲ್ಲಿ ಬರೆದುಕೊಡುತ್ತಾರೆ. ಇವೇ ಕ್ಯೂ ನೋಟುಗಳು. ಇವುಗಳಿಗೆ ಪೂರ್ತಿ ಕಾಲವಿದೆ: ಕ್ರೋಚೆಟ್ ಕ್ರೋಚೆಟ್ಟೇ, ಮಿನಿಮ್ ಮಿನಿಮ್ಮೇ. ಇಲ್ಲದಿರುವುದು ನುಡಿಸುವ ಹೊಣೆ ಮಾತ್ರ. ಆದ್ದರಿಂದ ಮೊದಲು ಅವನ್ನು ಮಾಮೂಲಿ ಸ್ವರಗಳಂತೆಯೇ ಬರೆದು, ಆಮೇಲೆ ಚಿಕ್ಕದಾಗಿಸಬೇಕು. ಗ್ರೇಸ್ ನೋಟಿನ ಪ್ಯಾಲೆಟ್ಟಿನ ಹತ್ತಿರವೂ ಹೋಗಬಾರದು. ಮ್ಯೂಸ್‌ಸ್ಕೋರಿನಲ್ಲಿ ಆ ಸ್ವರಗಳನ್ನು ಆರಿಸಿ ಗುಣಗಳ ಫಲಕದಲ್ಲಿ ಚಿಕ್ಕ ಗಾತ್ರದ ಗುರುತನ್ನು ಹಾಕಿದರೆ ಅವು ಕುಗ್ಗುತ್ತವೆ. ಅಲ್ಲೇ ನುಡಿಸುವಿಕೆಯ ಗುರುತನ್ನು ತೆಗೆಯದಿದ್ದರೆ ಕಂಪ್ಯೂಟರ್ ಕ್ಲ್ಯಾರಿನೆಟ್ಟಿನಲ್ಲಿ ಕೊಳಲಿನ ಸಾಲನ್ನು ಎರಡನೆಯ ಬಾರಿ ಕೇಳಿಸುತ್ತದೆ.

ವಾದಕರ ಸ್ವಂತದ ವಿರಾಮ ಚಿಹ್ನೆಯನ್ನು ಮಾಮೂಲಿ ಗಾತ್ರದಲ್ಲಿ ಬೇರೊಂದು ವಾಯ್ಸಿನಲ್ಲಿ (ಅದೇ ಸ್ಟಾಫಿನಲ್ಲಿ ಸ್ವತಂತ್ರವಾಗಿ ಸಾಗುವ ಇನ್ನೊಂದು ಎಳೆಯಲ್ಲಿ) ಬರೆಯುವುದೂ, ಕ್ಯೂ ಸಾಲಿನ ಮೇಲೆ ವಾದ್ಯದ ಹೆಸರು ಹಾಕುವುದೂ ಅಷ್ಟೇ ಮುಖ್ಯ. ಗೆಳೆಯರ ಒಂದು ಸಣ್ಣ ತಂತಿವಾದ್ಯ ಮೇಳಕ್ಕೆ ನಾನು ಸಿದ್ಧಪಡಿಸಿದ ವಿಯೋಲಾ ಹಾಳೆಯಲ್ಲಿ ಹೆಸರು ಬಿಟ್ಟುಹೋಗಿತ್ತು. ಅಭ್ಯಾಸದ ದಿನ ವಿಯೋಲಾ ನುಡಿಸುವವರು ಆ ಚಿಕ್ಕ ಸ್ವರಗಳನ್ನು ಭಕ್ತಿಯಿಂದ, ತುಸು ಮೆಲ್ಲನೆ ನುಡಿಸಿದರು. ಚಿಕ್ಕದಾಗಿ ಬರೆದದ್ದು ಮೆದುವಾಗಿ ನುಡಿಸಲೆಂದೇ ಇರಬೇಕು ಎಂದು ಅವರು ಊಹಿಸಿದ್ದರು. ತಪ್ಪು ಅವರದಲ್ಲ.

ಒಂದೇ ಸ್ವರಮೇಳದೊಳಗೆ ಒಂದು ಸ್ವರ ಮಾತ್ರ ಚಿಕ್ಕದಾಗಿರಬೇಕಾದ ಸಂದರ್ಭವೂ ಬರುತ್ತದೆ: ಕೈ ಚಿಕ್ಕದಿರುವವರು ಬಿಡಬಹುದಾದ ಕೆಳಗಿನ ಆಕ್ಟೇವ್ ಇದಕ್ಕೆ ಉದಾಹರಣೆ. ಮ್ಯೂಸ್‌ಸ್ಕೋರಿನ ಮೂರನೆಯ ಆವೃತ್ತಿಯಲ್ಲಿ ಇದಕ್ಕಾಗಿ ಚಿಕ್ಕದು ಎಂಬ ಗುರುತು ಎರಡು ಕಡೆ ಇತ್ತು. ಒಂದು ಬಿಡಿ ಸ್ವರದ ತಲೆಯನ್ನಷ್ಟೇ ಕುಗ್ಗಿಸುತ್ತಿತ್ತು, ಇನ್ನೊಂದು ಕಡ್ಡಿ ಬಾಲಗಳ ಸಮೇತ ಇಡೀ ಗುಂಪನ್ನು. ಪಿಯಾನೊ ಹಾಳೆಯ ಮೇಲೆ ಗಾಯಕರ ಸಾಲನ್ನು ಇಡಿಯಾಗಿ ಚಿಕ್ಕದಾಗಿ ತೋರಿಸಬೇಕಾದರೆ ಸ್ವರಗಳನ್ನು ಒಂದೊಂದಾಗಿ ಕುಗ್ಗಿಸುವ ಕೆಲಸವೇ ಬೇಡ, ಸ್ಟಾಫಿನ ಗುಣಗಳಿಗೆ ಹೋಗಿ ಇಡೀ ಸ್ಟಾಫನ್ನು ಚಿಕ್ಕದಾಗಿಸಬಹುದು.

ಎಷ್ಟು ಚಿಕ್ಕದು? ಮ್ಯೂಸ್‌ಸ್ಕೋರಿನಲ್ಲಿ ಗ್ರೇಸ್ ನೋಟ್, ಚಿಕ್ಕ ಸ್ವರ, ಚಿಕ್ಕ ಸ್ಟಾಫ್ ಮೂರಕ್ಕೂ ಮೊದಲೇ ಹಾಕಿಟ್ಟ ಪ್ರಮಾಣ ಶೇ 70. ಲಿಲಿಪಾಂಡ್‌ನಲ್ಲಿ ಗಾತ್ರವನ್ನು ಮೆಟ್ಟಿಲುಗಳಲ್ಲಿ ಎಣಿಸುತ್ತಾರೆ, ಆರು ಮೆಟ್ಟಿಲು ಇಳಿದರೆ ಅರ್ಧ. ಗ್ರೇಸ್ ನೋಟ್ ಮೂರು ಮೆಟ್ಟಿಲು ಕೆಳಗೆ ನಿಲ್ಲುತ್ತದೆ, ಅಂದರೆ ಸುಮಾರು ಶೇ 71. ಬೇರೆ ಬೇರೆ ದಾರಿಯಲ್ಲಿ ಹೊರಟು ಎರಡೂ ಒಂದೇ ಜಾಗಕ್ಕೆ ಬಂದು ತಲುಪಿವೆ. ನುರಿತ ಅಚ್ಚುಗಾರರ ಪದ್ಧತಿಯಲ್ಲಿ ಕ್ಯೂ ನೋಟ್ ಗ್ರೇಸ್ ನೋಟಿಗಿಂತ ತುಸು ದೊಡ್ಡದು, ಮ್ಯೂಸ್‌ಸ್ಕೋರಿನಲ್ಲಿ ಶೈಲಿಯ ಪುಟಕ್ಕೆ ಹೋಗಿ ಎರಡಕ್ಕೂ ಬೇರೆ ಬೇರೆ ಪ್ರಮಾಣ ಕೊಡುವುದು ಒಳ್ಳೆಯದು. ಸಿಬೇಲಿಯಸ್ ಎಂಬ ತಂತ್ರಾಂಶದಲ್ಲಿ ಕೀಪ್ಯಾಡಿನ ಎರಡನೆಯ ಪುಟದಲ್ಲೇ ಗ್ರೇಸ್ ಮತ್ತು ಕ್ಯೂ ಎರಡರ ಗುಂಡಿಗಳೂ ಸಿಗುತ್ತವೆ. ಹತ್ತಿರ ಹತ್ತಿರ ಇವೆ ಎಂಬುದೇ ಅಲ್ಲಿನ ಅಪಾಯ.

ಈ ಎರಡು ಜಾತಿಗಳ ನಡುವೆ ನಿಂತು ಕಾಡುವಂಥದ್ದು ಶೋಪೇನನ ಸಂಗೀತದಲ್ಲಿ ಹೇರಳವಾಗಿರುವ ಚಿಕ್ಕ ಸ್ವರಗಳ ಓಟ. ಇ ಫ್ಲ್ಯಾಟ್ ಮೇಜರಿನ ನಾಕ್ಟರ್ನ್, ಅಂದರೆ ಓಪಸ್ 9ರ ಎರಡನೆಯದು, ಮುಗಿಯುವ ಮುನ್ನ ತಾಳ ನಿಂತುಹೋಗುತ್ತದೆ. ನಾಲ್ಕು ಸ್ವರಗಳ ಒಂದೇ ಆವರ್ತ ಮತ್ತೆ ಮತ್ತೆ ಸುತ್ತುತ್ತದೆ, ಎಲ್ಲವೂ ಚಿಕ್ಕ ಗಾತ್ರದಲ್ಲಿ, ತಾಳವಿಲ್ಲದೆ ಎಂಬ ಸೂಚನೆಯೊಂದಿಗೆ. ಇವು ಬಾರಿನ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಗ್ರೇಸ್ ನೋಟುಗಳಂತೆ ಕಾಣುತ್ತವೆ. ಆದರೆ ಕಿವಿಗೆ ಇವೇ ಆ ಜಾಗದ ಮುಖ್ಯ ಸಂಗೀತ. ಯಾವ ಮುಖ್ಯ ಸ್ವರದ ಬಾಲವೂ ಇವಲ್ಲ.

ಇವನ್ನೆಲ್ಲ ಗ್ರೇಸ್ ನೋಟುಗಳಾಗಿ ಬರೆದರೆ ಪುಟ ಸರಿಯಾಗಿಯೇ ಕಾಣಬಹುದು, ಆದರೆ ತಂತ್ರಾಂಶ ಅಷ್ಟನ್ನೂ ಒಂದೇ ಸ್ವರದ ಹೆಗಲಿಗೆ ಕಟ್ಟಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನುಡಿಸಿಬಿಡುತ್ತದೆ. ನನ್ನ ಮಟ್ಟಿಗೆ ಉತ್ತಮವಾದದ್ದು ಬಾರಿನ ಗುಣಗಳನ್ನು ತೆರೆದು ಅದರ ನಿಜವಾದ ಉದ್ದವನ್ನೇ ಹಿಗ್ಗಿಸುವುದು. ಮ್ಯೂಸ್‌ಸ್ಕೋರ್ ಪ್ರತಿ ಬಾರಿಗೂ ಹೆಸರಿಗೆ ಇರುವ ಉದ್ದ, ವಾಸ್ತವದ ಉದ್ದ ಎಂದು ಎರಡು ಅಳತೆಗಳನ್ನು ಇಟ್ಟುಕೊಳ್ಳುತ್ತದೆ. ತಾಳ 12/8 ಆಗಿರುವ ಬಾರಿಗೆ ಇಪ್ಪತ್ನಾಲ್ಕು ಸೆಮಿಕ್ವೇವರುಗಳನ್ನು ಹೆಚ್ಚುವರಿಯಾಗಿ ಸೇರಿಸಬೇಕೆಂದರೆ ಅವು ಹನ್ನೆರಡು ಕ್ವೇವರುಗಳಿಗೆ ಸಮ. ವಾಸ್ತವದ ಉದ್ದವನ್ನು 24/8 ಎಂದು ಬದಲಿಸಿ, ಸ್ವರಗಳನ್ನು ಮಾಮೂಲಿನಂತೆ ಬರೆದು, ಚಿಕ್ಕ ಗಾತ್ರದ ಗುರುತು ಹಾಕಿ, ಎಡಗೈಯಲ್ಲಿ ಉಳಿಯುವ ವಿರಾಮ ಚಿಹ್ನೆಗಳನ್ನು ಮರೆಮಾಡಿದರೆ ಕೆಲಸ ಮುಗಿಯಿತು. ಎಡಗೈ ನಿಲ್ಲದೆ ತಾಳ ಹಿಡಿದು ಸಾಗುತ್ತಿರುವಾಗ ಮೇಲೆ ಓಟ ಬಂದರೆ ಈ ಉಪಾಯ ನಡೆಯದು. ಆಗ ಟ್ಯೂಪ್ಲೆಟ್ ಕಟ್ಟಬೇಕು: ಆರು ಕ್ವೇವರುಗಳ ಜಾಗದಲ್ಲಿ ಹನ್ನೊಂದು ಸ್ವರ ತುಂಬುವಂತೆ ಪ್ರಮಾಣ ಕೊಟ್ಟು, ಅಂಕಿಯನ್ನೂ ಆವರಣವನ್ನೂ ಕಾಣದಂತೆ ಮಾಡಿ, ಗಾತ್ರ ಕುಗ್ಗಿಸಬೇಕು. ಪುಟದ ಮೇಲೆ ಸ್ವಚ್ಛಂದವಾಗಿ ಹಾರುವಂತೆ ಕಾಣುವ ಸ್ವರಗಳ ಹಿಂದೆ ಹೀಗೆ ಕಟ್ಟುನಿಟ್ಟಾದ ಭಿನ್ನರಾಶಿಯೊಂದು ಅಡಗಿರುತ್ತದೆ.

ಇಷ್ಟೆಲ್ಲ ವಿವೇಚನೆಯಿಂದ ಬರೆದರೂ ಕಡತ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಪರೀಕ್ಷೆ ಎದುರಾಗುತ್ತದೆ. ಮಿಡಿ ಕಡತಕ್ಕೆ ಗ್ರೇಸ್ ನೋಟ್ ಎಂಬುದೇ ಗೊತ್ತಿಲ್ಲ; ಅದರಲ್ಲಿ ಇರುವುದು ಇಂಥ ಕ್ಷಣಕ್ಕೆ ಕೀಲಿ ಒತ್ತಿತು, ಇಂಥ ಕ್ಷಣಕ್ಕೆ ಬಿಟ್ಟಿತು ಎಂಬ ವರದಿ ಮಾತ್ರ. ಆದ್ದರಿಂದ ಕೀಬೋರ್ಡಿನಲ್ಲಿ ನುಡಿಸಿ ದಾಖಲಿಸಿದ ಅಚಿಯಕಾಟೂರಾ, ಲಿಪಿಯಾಗಿ ತೆರೆದಾಗ ಮೂವತ್ತೆರಡರಲ್ಲಿ ಒಂದು ಭಾಗದ ಸ್ವರ, ಅದರ ಬೆನ್ನಿಗೆ ಚುಕ್ಕೆಗಳ ಸರಮಾಲೆ ಎಂಬಂಥ ರೂಪದಲ್ಲಿ ಬರುತ್ತದೆ, ಅದನ್ನು ಕೈಯಿಂದಲೇ ತಿದ್ದಬೇಕು.

ಮ್ಯೂಸಿಕ್‌ಎಕ್ಸ್‌ಎಮ್‌ಎಲ್ ಇದಕ್ಕಿಂತ ಬಲು ಮೇಲು. ಮೈಕಲ್ ಗುಡ್ ರೂಪಿಸಿ, 2004ರಲ್ಲಿ ಮೊದಲ ಆವೃತ್ತಿ ಕಂಡ ಈ ವಿನಿಮಯ ಕಡತದಲ್ಲಿ, ಈವರೆಗೆ ಹೇಳಿದ ಜಾತಿಭೇದ ಅಕ್ಷರಶಃ ಬರೆದಿಟ್ಟಂತಿದೆ. ಸಾಮಾನ್ಯ ಸ್ವರಕ್ಕೆ ಅವಧಿ ಎಂಬ ಅಂಶ ಇರಲೇಬೇಕು. ಗ್ರೇಸ್ ಎಂಬ ಗುರುತಿರುವ ಸ್ವರಕ್ಕೆ ಅವಧಿ ಇರುವುದಿಲ್ಲ. ಬೇಕಿದ್ದರೆ ಹಿಂದಿನ ಸ್ವರದಿಂದ ಎಷ್ಟು ಕಾಲ ಕದಿಯಬೇಕು, ಮುಂದಿನದರಿಂದ ಎಷ್ಟು ಎಂಬುದನ್ನು ಶೇಕಡಾವಾರು ಸೂಚಿಸಬಹುದು, ಮತ್ತು ಅಲ್ಲಿ ಬಳಸಿರುವ ಪದವೂ ಕದಿಯುವುದು ಎಂದೇ. ಕ್ಯೂ ಎಂಬ ಗುರುತಿರುವ ಸ್ವರಕ್ಕೆ ಅವಧಿ ಇದೆ, ಧ್ವನಿ ಇಲ್ಲ. ಧ್ವನಿಯೂ ಬೇಕು, ಗಾತ್ರ ಮಾತ್ರ ಚಿಕ್ಕದಿರಲಿ ಎಂದರೆ ಸ್ವರದ ಪ್ರಕಾರವನ್ನು ಹೇಳುವ ಅಂಶದಲ್ಲಿ ಗಾತ್ರವನ್ನು ಬೇರೆಯಾಗಿ ನಮೂದಿಸಬೇಕು. ಶೋಪೇನನ ಓಟ ಈ ಕೊನೆಯ ವರ್ಗಕ್ಕೆ ಸೇರಬೇಕಾದದ್ದು. ಅದು ತಪ್ಪಿ ಕ್ಯೂ ಎಂಬ ಗುರುತಿನೊಂದಿಗೆ ಹೊರಬಿದ್ದರೆ ಇನ್ನೊಂದು ತಂತ್ರಾಂಶದಲ್ಲಿ ಮೂಕವಾಗಿಬಿಡುತ್ತದೆ.

1988ರಿಂದ ಬಳಕೆಯಲ್ಲಿದ್ದ ಫಿನಾಲೆ ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ 2024ರ ಆಗಸ್ಟ್‌ನಲ್ಲಿ ಪ್ರಕಟವಾದ ಮೇಲೆ, ಹಳೆಯ ಕಡತಗಳನ್ನು ಈ ದಾರಿಯಲ್ಲಿ ಸಾಗಿಸುವ ಕೆಲಸ ಅನೇಕರಿಗೆ ಬಂದಿದೆ. ಹಾಗೆ ಸಾಗಿಸಿದ ಕಡತವನ್ನು ತೆರೆದಾಗ ಪುಟದ ಅಂದ ನೋಡುವ ಮೊದಲು, ಚಿಕ್ಕ ಸ್ವರವಿರುವ ಒಂದೆರಡು ಬಾರುಗಳನ್ನು ಆರಿಸಿ ಅಲ್ಲೊಂದು ಚಿಕ್ಕ ಸ್ವರವನ್ನು ಅಳಿಸಿ ನೋಡಬೇಕು. ವಿರಾಮ ಚಿಹ್ನೆ ಉಳಿದರೆ ಅದಕ್ಕೆ ಕಾಲವಿತ್ತು, ಏನೂ ಉಳಿಯದಿದ್ದರೆ ಅದು ಗ್ರೇಸ್ ನೋಟ್. ನೋಡಿದ ಮೇಲೆ ಅಳಿಸಿದ್ದನ್ನು ರದ್ದು ಮಾಡಲು ಮರೆಯಬಾರದು.